ಟವೆಲ್ ಹಾಕಿದ ಸೀಟು

ಒಂದೇ ಒಂದು ಗುಂಡಿ ಒತ್ತುವುದು ಬಾಕಿ ಇತ್ತು. ವಳಸಂಗದ ಯುವರಾಜ ಕೆನಡಾದಲ್ಲಿ ವರ್ಷಗಟ್ಟಲೆ ಟ್ರಕ್ ಓಡಿಸಿದ್ದ. ಪಿ.ಆರ್. ಎಂಬ, ಅಲ್ಲೇ ಕಾಯಂ ಇರುವ ಪರವಾನಗಿಯನ್ನೂ ಪಡೆದಿದ್ದ. ಕೊನೆಗೆ ಹಿಮ ಸಾಕಾಗಿ ಊರಿಗೆ ಮರಳಿ ಹೊಲದಲ್ಲಿ ದ್ರಾಕ್ಷಿ ಹಚ್ಚಿದ. ಪಿ.ಆರ್. ಬಿಟ್ಟುಕೊಡುವ ಅರ್ಜಿಯನ್ನು ಮೊಬೈಲಿನಲ್ಲಿ ತುಂಬಿಯೂ ಇಟ್ಟಿದ್ದ. ಅದನ್ನು ಕಳಿಸಲು ಪಕ್ಕದ ಮನೆಯ ನಿಂಗಣ್ಣ ಬಿಡುತ್ತಿರಲಿಲ್ಲ.

ನಿಂಗಣ್ಣ ರಿಟೈರಾದ ಎಸ್.ಟಿ. ಬಸ್ ಕಂಡಕ್ಟರ್. ಕೆಲಸ ಬಿಟ್ಟರೂ ಊರಿನವರೆಲ್ಲ ತನ್ನ ಪ್ಯಾಸೆಂಜರುಗಳೆಂದೇ ಅವನ ತಿಳುವಳಿಕೆ. ಯುವರಾಜ ತಾಯಿ ಪಾರ್ವತಿಬಾಯಿಯ ಜೊತೆ ತಡವಳಕ್ಕೆ ಹೆಣ್ಣು ನೋಡಲು ಹೊರಟ ದಿನ, ಯಾರೂ ಕರೆಯದಿದ್ದರೂ ಬಂದ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ.

"ನೋಡಿದೇನು? ಟಾವೆಲ್ ಇದ್ದಲ್ಲಿ ಯಾರೂ ಕುಂಡ್ರೂದಿಲ್ಲ. ನಿನ್ನ ಪಿ.ಆರ್. ಹಂಗಽ. ನೀ ಕುಂಡ್ರು, ಬಿಡು, ಟಾವೆಲ್ ಮಾತ್ರ ತಗೀಬ್ಯಾಡ."

"ಬಸ್ಸಽ ಇಳದ ಬಂದೀನಿ ಕಾಕಾ. ಇನ್ನ ಟಾವೆಲ್ ಯಾಕ?"

"ಕಾಕಾ ಹೇಳೂದೂ ಖರೆ ಇರಬಹುದು," ಎಂದಳು ಪಾರ್ವತಿಬಾಯಿ. ಹಿಂದಿನ ದಿನ ಗುಂಡಿ ಒತ್ತು ಎಂದವಳೂ ಅವಳೇ.

ತಡವಳದ ಅಣ್ಣಾರಾಯನದು ದಪ್ಪ ಕಲ್ಲುಗೋಡೆಯ ಮನೆ. ಸೊಲ್ಲಾಪುರದಲ್ಲಿ ನರ್ಸ್ ಆಗಿರುವ ಮಗಳು ಶ್ರದ್ಧಾ ಅವಲಕ್ಕಿ ತಂದಿಟ್ಟಳು. ಇನ್ನು ಬೇರೆ ಮನೆಗೆ ಹೆಣ್ಣು ನೋಡಲು ಹೋಗುವುದು ಬೇಡವೆಂದು ಯುವರಾಜನಿಗೆ ಅಲ್ಲೇ ಅನ್ನಿಸಿಬಿಟ್ಟಿತು. ಆಗ ನಿಂಗಣ್ಣ ಬಾಯಿ ಹಾಕಿದ.

"ನಮ್ಮ ಹುಡುಗ ಮನಸ ಮಾಡಿದ್ರ ನಾಳೇನೂ ಕೆನಡಾಕ್ಕ ಹೋಗಬಹುದ್ರಿ. ಪಿ.ಆರ್. ಇನ್ನೂ ಜೀವಂತ ಅದ."

ಅಣ್ಣಾರಾಯ ತಟ್ಟೆ ಕೆಳಗಿಟ್ಟ.

"ದೊಡ್ಡ ಮಗಳನ್ನ ದುಬೈಕ್ಕ ಕೊಟ್ಟೀನ್ರಿ. ಪಂಚಮಿ ಮ್ಯಾಲ ಪಂಚಮಿ ಹೋದ್ವು, ತವರಿಗಿ ಬಂದಿಲ್ಲ. ಈಕಿನ್ನ ಹೊರದೇಶಕ್ಕ ಕೊಡಂಗಿಲ್ಲ. ಹುಡುಗ ಊರಾಗಽ ಇರತಾನ ಅಂದ್ರಿ, ಅದಕ್ಕಽ ಬರ್ರಿ ಅಂದೆ."

"ಊರಾಗಽ ಇರತೀನ್ರಿ. ಬೇಕಾದ್ರ ಈಗಽ ನಿಮ್ಮ ಮುಂದಽ ಬಿಟ್ಟ ಬಿಡತೀನಿ," ಎಂದು ಯುವರಾಜ ಮೊಬೈಲ್ ತೆಗೆದ.

ಆ ಗೋಡೆಗಳೊಳಗೆ ರೇಂಜ್ ಎಲ್ಲಿಂದ ಬರಬೇಕು? ಪಡಸಾಲೆಯಲ್ಲಿ ಇಲ್ಲ, ಅಂಗಳದಲ್ಲಿ ಇಲ್ಲ. ದನದ ಕೊಟ್ಟಿಗೆಯಲ್ಲಿ ಒಂದು ಗೆರೆ ಬಂತು, ಎಮ್ಮೆ ಬಾಲ ಬೀಸುವಷ್ಟರಲ್ಲಿ ಹೋಯಿತು.

"ಮಾಳಗಿ ಮ್ಯಾಲ ಬರತದ, ನಡೀರಿ," ಎಂದ ಅಣ್ಣಾರಾಯ.

"ಅಪ್ಪಾ, ಇಷ್ಟ ಅವಸರ ಯಾಕ? ಮುಂದ ಮಾಡಿದ್ರ ಆಗಂಗಿಲ್ಲೇನು?" ಶ್ರದ್ಧಾ ಬಾಗಿಲಿಗೆ ಬಂದು ಕೇಳಿದಳು. ತನಗೆ ತೊಂದರೆಯಾಗುತ್ತದೆಂದು ಈಗಲೇ ಎಷ್ಟು ಕಾಳಜಿ ಎಂದು ಯುವರಾಜ ಉಬ್ಬಿಹೋದ.

ಏಣಿ ಹತ್ತುವಾಗ ಕೆಳಗಿನಿಂದ ನಿಂಗಣ್ಣ ಅವನ ಅಂಗಿ ಜಗ್ಗುತ್ತಿದ್ದ. "ಸೀಟ ಹೋಗತದೋ, ಬ್ಯಾಡೋ." ಮೇಲಿನಿಂದ ಅಣ್ಣಾರಾಯ ಕೈ ಹಿಡಿದು ಎಳೆಯುತ್ತಿದ್ದ. ಎರಡು ಗುಂಡಿ ಕಳೆದುಕೊಂಡ ಅಂಗಿಯಲ್ಲಿ ಯುವರಾಜ ಮಾಳಿಗೆ ತಲುಪಿ, ಮೂರನೆಯ ಗುಂಡಿಯನ್ನು ಮೊಬೈಲಿನಲ್ಲಿ ಒತ್ತಿದ. ಅರ್ಜಿ ಹೋಯಿತು. ಅಣ್ಣಾರಾಯ ಅದರ ಫೋಟೋ ತೆಗೆದು ಬಂಧುಬಳಗದ ಗ್ರೂಪಿಗೆ ಹಾಕಿ, "ಇನ್ನ ನೀವಿಬ್ರು ಮಾತಾಡ್ರಿ, ಅಳಿಯಾ," ಎಂದು ಮಗಳನ್ನು ಮೇಲೆ ಕಳಿಸಿದ.

"ಒತ್ತೇ ಬಿಟ್ರ್ಯಾ?" ಎಂದಳು ಶ್ರದ್ಧಾ.

"ನಿಮ್ಮ ಸಲುವಾಗಿ."

ಅವಳು ಕಟ್ಟೆಯ ಮೇಲೆ ಕುಳಿತಳು.

"ನಂದೂ ಕೆನಡಾದ ಪಿ.ಆರ್. ನಿನ್ನಿ ಬಂತ್ರಿ. ನೈಟ್ ಡ್ಯೂಟಿ ಮಾಡಕೋತ ಪರೀಕ್ಷಾ ಕಟ್ಟಿ ತಗೊಂಡೀನಿ. ಅಪ್ಪಗ ಹೇಳಿಲ್ಲ. ಒಬ್ಬಾಕಿನ್ನ ಕಳಸೂದಿಲ್ಲ. ನಿಮಗೂ ಪಿ.ಆರ್. ಅದ ಅಂತ ಕೇಳೇ ಈ ಸಂಬಂಧಕ್ಕ ಹೂಂ ಅಂದಿದ್ದೆ."

ಯುವರಾಜನಿಗೆ ಬಿಸಿಲಲ್ಲೂ ಹಿಮ ನೆನಪಾಯಿತು. "ನೀವು ಬಿಡಂಗಿಲ್ಲ?"

"ನಾ ಬಿಡಂಗಿಲ್ಲ."

ಅರ್ಜಿ ಹಿಂದಕ್ಕೆ ತಗೋಬಹುದೇನೋ ಎಂದು ಅವನು ಮೊಬೈಲ್ ನೋಡಿದ. ಕೆಳಗೆ ಅಣ್ಣಾರಾಯ ಬಂಧುಗಳ ಅಭಿನಂದನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದ.

"ನೀವು ನನಗ ಪಸಂದ ಬಂದೀರಿ," ಎಂದಳು ಶ್ರದ್ಧಾ, ತಲೆ ತಗ್ಗಿಸದೆ. "ಲಗ್ನ ಆದಮ್ಯಾಲ ಗಂಡ ಅಂತ ನಿಮ್ಮನ್ನ ನಾನಽ ಕರಸಗೋತೀನಿ. ಅಪ್ಪಗ ಹೇಳೂದು ಮಾತ್ರ ನಿಮ್ಮ ಕೆಲಸ."

ಇಳಿದು ಬಂದಾಗ ಅಣ್ಣಾರಾಯ ಅಳಿಯನ ಮರ್ಯಾದೆಗೆಂದು ಟೋಪಿ, ಟವೆಲ್ ಹಿಡಿದು ನಿಂತಿದ್ದ. ಟೋಪಿಯನ್ನು ತಲೆಗಿಟ್ಟು, ಸೊಲ್ಲಾಪುರದ ಹೊಸ ಟವೆಲನ್ನು ಹೆಗಲಿಗೆ ಹೊದಿಸಿ, "ಈ ಅಳಿಯಾ ಇನ್ನ ಎಲ್ಲೂ ಹೋಗಂಗಿಲ್ಲ," ಎಂದು ಕಣ್ಣೊರೆಸಿಕೊಂಡ. ಹೇಳುವ ಕೆಲಸವನ್ನು ಯುವರಾಜ ಇನ್ನೊಂದು ದಿನಕ್ಕೆ ಮುಂದೂಡಿದ.

ನಿಂಗಣ್ಣ ಬಟ್ಟೆ ಮುಟ್ಟಿ ನೋಡಿದ.

"ಛಲೋ ಅದ. ಸೀಟ ಹಿಡ್ಯಾಕ ಬರತದ."

"ಬೇಕಾಗತದ ಕಾಕಾ," ಎಂದ ಯುವರಾಜ.