ಕುರಿಯ ಎಡಗಿವಿಯೂ ನನ್ನ ಕಾಯಂ ನೌಕರಿಯೂ

ದುಡ್ಡಿನ ನಾಳೆಯನ್ನು ಗಣಿತದಿಂದ ಹೇಳಬಹುದು ಎಂದು ನಂಬಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಈಗ ಆ ಕೆಲಸಕ್ಕೆ ದೊಡ್ಡ ಊರುಗಳಲ್ಲಿ ದೊಡ್ಡ ಹೆಸರು, ದೊಡ್ಡ ಸಂಬಳ ಇದೆಯಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಹೊನ್ನಾಳಿಗೆ ಮರಳಿದಾಗ ಎಲ್ಲರದ್ದೂ ಒಂದೇ ಪ್ರಶ್ನೆ: ಕಾಯಂ ನೌಕರಿ ಯಾವಾಗ? ಅದು ಸಿಕ್ಕರೆ, ನಾನು ನೋಡಿ ಒಪ್ಪಿದ್ದ ನ್ಯಾಮತಿಯ ಹುಡುಗಿಯನ್ನು ಕೊಡುತ್ತಾರೆ. ಇಲ್ಲದಿದ್ದರೆ ಇಲ್ಲ.

೧. ಮುಕ್ಕಾಲು ಮಗ್ಗಿ

ಮೊದಲ ಸಂದರ್ಶನ ಹೊನ್ನಾಳಿಯಲ್ಲೇ, ಒಂದು ಸಹಕಾರಿ ಸಂಘದಲ್ಲಿ. ಅಧ್ಯಕ್ಷರು ನನ್ನ ಸರ್ಟಿಫಿಕೇಟುಗಳನ್ನು ತಿರುವಿ ನೋಡಿ ಕೇಳಿದರು: "ಮುಕ್ಕಾಲು ಮಗ್ಗಿ ಬರುತ್ತಾ?"

"ಅದನ್ನೆಲ್ಲ ಈಗ ಕಲಿಸೋದಿಲ್ಲ ಸಾರ್. ಬೇಕಾದರೆ ಸಂಭವನೀಯತೆಯ ಸಿದ್ಧಾಂತ ಹೇಳ್ತೀನಿ."

"ಮುಕ್ಕಾಲು ಹದಿನೇಳು ಎಷ್ಟು, ಅದನ್ನು ಹೇಳ್ರಿ."

ನಾನು ಕಾಗದ ಕೇಳಿದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕ ಗುಮಾಸ್ತ ತಲೆ ಎತ್ತದೆ, "ಹನ್ನೆರಡೂ ಮುಕ್ಕಾಲು" ಎಂದ.

ಅಧ್ಯಕ್ಷರು ಸರ್ಟಿಫಿಕೇಟು ವಾಪಸು ಕೊಡುತ್ತ ಹೇಳಿದರು: "ತಪ್ಪು ತಿಳೀಬ್ಯಾಡ್ರಿ. ಐದನೇ ಕ್ಲಾಸಿನ ತನಕ ಇನ್ನೊಂದ್ಸಲ ಓದಿಕೊಂಡು ಬರ್ರಿ."

೨. ದೇವರಿಗೆ ಸಂಬಳವಿಲ್ಲ

ಚನ್ನಗಿರಿಯ ಒಬ್ಬ ಅಡಿಕೆ ವ್ಯಾಪಾರಿ ನನ್ನನ್ನು ಧಾರಣೆ ಊಹಿಸಲು ಇಟ್ಟುಕೊಂಡರು. ಒಂದು ತಿಂಗಳು ಹಳೆಯ ಧಾರಣೆಗಳನ್ನೆಲ್ಲ ಗೀಟುಹಾಳೆಯಲ್ಲಿ ಬರೆದು ಹೇಳಿದೆ: "ಏರುವ ಸಂಭವ ನೂರಕ್ಕೆ ಅರವತ್ತು."

"ಅಂದ್ರೆ ಏರುತ್ತೋ ಇಲ್ಲೋ?"

"ಇಂಥ ಪರಿಸ್ಥಿತಿ ನೂರು ಸಲ ಬಂದರೆ ಅರವತ್ತು ಸಲ ಏರುತ್ತೆ."

"ಅಡಿಕೆ ಕೊಯ್ಲು ವರ್ಷಕ್ಕೊಂದ್ಸಲ. ನಂಗೀಗ ಐವತ್ತೆಂಟು. ನೂರು ಸಲ ಎಲ್ಲಿಂದ ತರ್ಲಿ?"

ಅವರು ನೇರ ದೇವಸ್ಥಾನಕ್ಕೆ ಹೋಗಿ ಹೂವಿನ ಅಪ್ಪಣೆ ಕೇಳಿದರು. ಬಲಗಡೆಯ ಹೂವು ಬಿತ್ತು, ಅಂದರೆ ಧಾರಣೆ ಏರುತ್ತದೆ. ಬಂದವರೇ ಎಂದರು: "ನೋಡ್ರಿ, ಹೇಳೋದು ಅಂದ್ರೆ ಹಿಂಗೆ. ಬಲಗಡೆ ಅಂದ್ರೆ ಬಲಗಡೆ. ಅರವತ್ತು ಪರ್ಸೆಂಟ್ ಬಲಗಡೆ ಅಂತ ಯಾವ ದೇವ್ರೂ ಹೇಳಲ್ಲ."

ಮಾಲು ಹಿಡಿದಿಟ್ಟರು. ಧಾರಣೆ ಇಳಿಯಿತು. ಮರುದಿನ ನನ್ನನ್ನು ಕರೆಸಿದರು.

"ನೀವೂ ಏರುತ್ತೆ ಅಂದ್ರಿ, ದೇವ್ರೂ ಏರುತ್ತೆ ಅಂತು. ದೇವ್ರನ್ನ ಕೆಲಸದಿಂದ ತೆಗೆಯಾಕೆ ಬರಲ್ಲ. ಅದಕ್ಕೆ ನಿಮ್ಮನ್ನ ತೆಗೀತಾ ಇದೀನಿ."

೩. ಲೈನ್‌ಮನ್

ಆಮೇಲೆ ಜಗಳೂರು ಕಡೆ ಕುರಿಗಳಿಗೆ ವಿಮೆ ಮಾಡಿಸುವ ಕಂಪನಿಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ನ್ಯಾಮತಿಗೆ ಹೋಗಿ ಹುಡುಗಿಯ ತಂದೆಗೆ ತಿಳಿಸಿದೆ.

"ಟೆಂಪರರಿ ನೌಕರಿಗೆ ಪರ್ಮನೆಂಟ್ ಮಗಳನ್ನ ಹೆಂಗೆ ಕೊಡ್ಲಿ?" ಎಂದರು. "ಕರೆಂಟ್ ಆಫೀಸಿನ ಲೈನ್‌ಮನ್ ಒಬ್ಬ ಕೇಳ್ಯಾನೆ. ಅವನದು ಕಾಯಂ. ಯುಗಾದಿ ತನಕ ನಿಮ್ಮ ದಾರಿ ನೋಡ್ತೀನಿ."

ಕಾಫಿ ತಂದ ಹುಡುಗಿ ಲೋಟ ಇಡುತ್ತ ಮೆಲ್ಲಗೆ ಹೇಳಿದಳು: "ಅಷ್ಟೆಲ್ಲ ಓದಿದೀರಲ್ರೀ, ಲೈನ್‌ಮನ್ ಕಂಬದಿಂದ ಬೀಳೋ ಸಂಭವ ಎಷ್ಟು ಅಂತ ಲೆಕ್ಕ ಹಾಕಿ ಅಪ್ಪಗೆ ಹೇಳ್ರಿ."

ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ಯಾರೂ ನನಗೆ ಇಷ್ಟು ಉಪಯುಕ್ತವಾದ ಲೆಕ್ಕ ಕೊಟ್ಟಿರಲಿಲ್ಲ.

೪. ಎಡಗಿವಿ

ಕಂಪನಿಯ ನಿಯಮ ಸರಳ. ವಿಮೆ ಮಾಡಿಸಿದ ಕುರಿಯ ಎಡಗಿವಿಗೆ ನಂಬರಿನ ಬಿಲ್ಲೆ. ಕುರಿ ಸತ್ತರೆ ಬಿಲ್ಲೆ ಸಮೇತ ಆ ಕಿವಿಯನ್ನು ಕತ್ತರಿಸಿ ತಂದರೆ ಪರಿಹಾರ. ಮೂರು ತಿಂಗಳಲ್ಲಿ ನಮ್ಮ ಆಫೀಸಿಗೆ ಬಂದ ಕಿವಿಗಳನ್ನು ಗೋಣಿಚೀಲದಲ್ಲಿ ತುಂಬಬೇಕಾಯಿತು.

ಹೆಚ್ಚು ಕಿವಿ ಬರುತ್ತಿದ್ದ ಬಿಳಿಚೋಡು ಎಂಬ ಹಳ್ಳಿಗೆ ಹೋಗಿ ನೋಡಿದೆ. ಒಂದೇ ಹಟ್ಟಿ, ಒಂದೇ ಮೇವು. ಬಿಲ್ಲೆ ಹಾಕಿದ ಕುರಿ ಸಾಯುತ್ತಿತ್ತು, ಹಾಕದ್ದು ಒಂದೂ ಸತ್ತಿರಲಿಲ್ಲ.

"ಯಜಮಾನ್ರೇ, ಬಿಲ್ಲೆ ಇಲ್ಲದ ಕುರಿ ಯಾಕೆ ಸಾಯಲ್ಲ?" ಎಂದು ಕುರಿಗಾರನನ್ನು ಕೇಳಿದೆ.

ಅವನು ಬೀಡಿ ಆರಿಸಿ, ನನ್ನ ಅಜ್ಞಾನಕ್ಕೆ ಮರುಗಿ ಹೇಳಿದ: "ಅವು ಸತ್ರೆ ಏನು ಸಿಗುತ್ತೆ ಸಾರ್?"

ಬಿಲ್ಲೆ ಹಾಕಿದ್ದು, ಹಾಕದ್ದು, ಸತ್ತದ್ದು, ಉಳಿದದ್ದು ಎಂದು ಕೋಷ್ಟಕ ಮಾಡಿ, ಇದರ ಅರ್ಥ ಸ್ಪಷ್ಟವಾಗಿದೆ ಎಂದು ಬರೆದು ಹೆಡ್ಡಾಫೀಸಿಗೆ ಕಳಿಸಿದೆ. ಮೋಸ ಎಂದು ಬರೆಯಲಿಲ್ಲ. ಓದಿದವರಿಗೆ ತಿಳಿಯುತ್ತದೆ ಎಂದುಕೊಂಡೆ. ಓದಿದವರ ಬಗ್ಗೆ ಅದೇ ನನ್ನ ಕೊನೆಯ ಮೂಢನಂಬಿಕೆ.

ಹದಿನೈದು ದಿನಕ್ಕೆ ಆದೇಶ ಬಂತು: "ಎಡಗಿವಿಗೆ ಬಿಲ್ಲೆ ಹಾಕುವುದರಿಂದ ಕುರಿಗಳು ಸಾಯುತ್ತಿರುವುದು ಸಾಬೀತಾಗಿದೆ. ಇನ್ನು ಮುಂದೆ ಬಲಗಿವಿಗೆ ಹಾಕತಕ್ಕದ್ದು."

ಎಲ್ಲ ಕುರಿಗಳ ಬಿಲ್ಲೆಯೂ ಬಲಗಿವಿಗೆ ಬಂತು. ಆದರೆ ಅಚ್ಚಾದ ಹಳೆಯ ಫಾರಂಗಳು ಬೀರುವಿನ ತುಂಬ ಇದ್ದವು. ಅವುಗಳಲ್ಲಿ 'ಎಡಗಿವಿ ಲಗತ್ತಿಸಿದೆ' ಎಂದಿತ್ತು. ನಮ್ಮ ಗುಮಾಸ್ತ ಫಾರಂ ಬಿಟ್ಟು ಕದಲುವವನಲ್ಲ. ಬಂದ ಬಲಗಿವಿಗಳನ್ನೆಲ್ಲ ವಾಪಸು ಕಳಿಸಿದ.

ಬಿಳಿಚೋಡಿನ ಯಜಮಾನ ಆಫೀಸಿನ ಮುಂದೆ ನಿಂತು ಕೂಗಾಡಿದ: "ಬಲಗಿವಿ ತಂದ್ರೆ ಎಡಗಿವಿ ತಾ ಅಂತೀರಿ. ಎಡಗಿವಿ ತಂದ್ರೆ ಬಿಲ್ಲೆ ಎಲ್ಲೈತೆ ಅಂತೀರಿ. ಕುರಿ ಹೆಂಗೆ ಸಾಯ್ಬೇಕು, ನೀವೇ ಹೇಳ್ರಿ!"

ಕುರಿಗಳು ಸಾಯುವುದನ್ನು ನಿಲ್ಲಿಸಿದವು. ಮುಂದಿನ ಮೂರು ತಿಂಗಳ ಲೆಕ್ಕದಲ್ಲಿ ಸಾವು ಸೊನ್ನೆ. ಯುಗಾದಿಗೆ ನಾಲ್ಕು ದಿನ ಇರುವಾಗ ನನಗೆ ಕಾಯಂ ಆದೇಶ ಬಂತು: "ತಾಲ್ಲೂಕಿನಲ್ಲಿ ಕುರಿಗಳ ಮರಣವನ್ನು ಸಂಪೂರ್ಣ ತಡೆಗಟ್ಟಿದ್ದಕ್ಕಾಗಿ."

ನಿಜ ಹೇಳಿಬಿಡೋಣ ಎನಿಸಿತು. ಲೈನ್‌ಮನ್ ನೆನಪಾದ. ಆದೇಶವನ್ನು ಮಡಚಿ ಜೇಬಿಗಿಟ್ಟು ಬಸ್ಸು ಹತ್ತಿದೆ.

ನ್ಯಾಮತಿಯಲ್ಲಿ ಹುಡುಗಿಯ ತಂದೆ ಕನ್ನಡಕ ಹಾಕಿಕೊಂಡು ಆದೇಶವನ್ನು ಎರಡು ಸಲ ಓದಿದರು. ನನ್ನತ್ತ ನೋಡಿದಾಗ ಅವರ ಕಣ್ಣಲ್ಲಿ ನೀರಿತ್ತು.

"ಅಲ್ರೀ, ಡಾಕ್ಟ್ರು ಅಂತ ಮೊದ್ಲೇ ಹೇಳಾಕೆ ಏನಾಗಿತ್ತು?"

ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಡಾ॥' ಎಂದು ಅಚ್ಚಾಯಿತು. ಧಾರೆಯಾಗಿ ಇನ್ನೂ ಅಕ್ಷತೆ ಉದುರುತ್ತಿರುವಾಗಲೇ ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನ ಕೈಹಿಡಿದು ಚಪ್ಪರದಾಚೆ ಕರೆದೊಯ್ದರು. ಅಲ್ಲಿ ಮೂರು ದಿನದಿಂದ ಮೇವು ಮುಟ್ಟದ ಒಂದು ಎಮ್ಮೆ, ಅದರ ಹಿಂದೆ ಸಾಲಾಗಿ ಇನ್ನೂ ಏಳು ನಿಂತಿದ್ದವು.