ಸೋದರಮಾವನಿಗೆ ಅರ್ಧ ಸಾಲು

ಒಂದೇ ಕೆಲಸವನ್ನು ದಿನಕ್ಕೆ ಹತ್ತು ಸಲ ಮಾಡಬೇಕೆಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಇದನ್ನು ನನ್ನ ಹೆಂಡತಿ ಸೋಮಾರಿತನ ಎನ್ನುತ್ತಾಳೆ, ನಾನು ಜಾಣತನ ಎನ್ನುತ್ತೇನೆ. ಕೊಳ್ಳೇಗಾಲದಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆಯೇ ಮುಖ್ಯ ಕಸುಬು. ವಧೂವರರ ಹೆಸರು ಕೂರಿಸುವುದು ಸುಲಭ. ಸುಖಾಗಮನ ಬಯಸುವವರ ಪಟ್ಟಿ ಇದೆಯಲ್ಲ, ಅದು ಪ್ರಾಣ ಹಿಂಡುತ್ತದೆ. ನನ್ನ ಹಳೆಯ ಸಾಫ್ಟ್‌ವೇರಿನಲ್ಲಿ ಸಾಲು ಅಂಚು ದಾಟಿತೆಂದರೆ ನಾನೇ ಎಂಟರ್ ಒತ್ತಬೇಕು. ಯಾರೋ ಒಬ್ಬ ಷಡ್ಡಕ ಬಿಟ್ಟುಹೋದನೆಂದು ನಡುವೆ ತುರುಕಿದರೆ ಕೆಳಗಿನದೆಲ್ಲ ಜರುಗಿ ಮತ್ತೆ ಮೊದಲಿನಿಂದ ಒತ್ತಬೇಕು. ಅದಕ್ಕೇ ಹೋದ ವರ್ಷ ವಿಡಿಯೊ ನೋಡಿ ನೋಡಿ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೊಂದು ಪುಟ್ಟ ಪ್ರೋಗ್ರಾಮು, ಬರೆದೆ. 'ಸಾಲಿಗೆ ನಲವತ್ತು ಅಕ್ಷರ' ಎಂದು ಹೇಳಿಬಿಟ್ಟರೆ ಸಾಕು, ಹಿಡಿಯುವಷ್ಟು ಪದಗಳನ್ನು ಒಂದು ಸಾಲಿನಲ್ಲಿ ತುಂಬಿ, ಹಿಡಿಯದ ಪದವನ್ನು ಮುರಿಯದೆ ಕೆಳಕ್ಕಿಳಿಸುತ್ತದೆ. ಮೊದಲ ಸಲ ಅದು ಕೆಲಸ ಮಾಡಿದಾಗ ಸಂತೋಷ ತಡೆಯದೆ ಹೆಂಡತಿಗೆ ಫೋನ್ ಮಾಡಿದೆ. "ಸರಿ, ಬರೋವಾಗ ಕೊತ್ತಂಬರಿ ಸೊಪ್ಪು ತನ್ನಿ" ಎಂದಳು.

ಈ ಬೇಸಿಗೆಯಲ್ಲಿ ಕಾಮಗೆರೆಯ ಶಿವಮಲ್ಲಪ್ಪನವರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರು. ನೋಟುಬುಕ್ಕಿನ ಹಾಳೆಯಲ್ಲಿ ಒಬ್ಬೊಬ್ಬ ನೆಂಟರಿಗೂ ಒಂದೊಂದು ಸಾಲು ಕೊಟ್ಟು ಬರೆದು ತಂದಿದ್ದರು. ಹಾಗೆಯೇ ಅಚ್ಚು ಹಾಕಿದರೆ ಪತ್ರಿಕೆ ಪಂಚಾಂಗವಾದೀತೆಂದು ಎಲ್ಲ ಹೆಸರನ್ನೂ ಒಟ್ಟು ಸೇರಿಸಿ ಸ್ಕ್ರಿಪ್ಟಿಗೆ ಕೊಟ್ಟೆ. ಅದು ಅಚ್ಚುಕಟ್ಟಾಗಿ ತುಂಬಿಕೊಟ್ಟಿತು. ಅವರು ಕನ್ನಡಕ ತಂದಿರಲಿಲ್ಲ. ಮುಹೂರ್ತವನ್ನಷ್ಟೇ ನನ್ನಿಂದ ಓದಿಸಿ ಒಪ್ಪಿದರು. ಪತ್ರಿಕೆ ಅಚ್ಚಾಗಿ ಊರೂರಿಗೂ ಹೋಯಿತು.

ನಾಲ್ಕನೆಯ ದಿನ ಅವರು ಮತ್ತೆ ಬಂದು ಪತ್ರಿಕೆಯ ಮೇಲೆ ಬೆರಳಿಟ್ಟರು. ಅವರ ಹೆಂಡತಿಯ ಅಣ್ಣ ಬಸವಣ್ಣ, ತಮ್ಮ ಮಾದಪ್ಪ, ಇಬ್ಬರೂ ಅಗರದವರು, ಅಲ್ಲಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದರು.

"ಎಂತಾ ಕೆಲ್ಸ ಮಾಡ್ಬುಟ್ರಿ ಸಾ. ಬದಿನ ಉಣಸೆಮರಕ್ಕೆ ಕಿತ್ತಾಡ್ಕಂಡು ಇವ್ರಿಬ್ರೂ ಮಾತು ಬುಟ್ಟು ಏಳು ವರ್ಸ ಆಯ್ತು. ಒಬ್ರು ಕೂತ ಜಗಲೀಲಿ ಇನ್ನೊಬ್ರು ಕೂರಾಕಿಲ್ಲ."

"ಸಾಲಿನಲ್ಲಿ ಜಾಗ ಇತ್ತು, ಅದಕ್ಕೆ..." ಎಂದೆ.

"ಜಾಗ ಅದೆ ಅಂತ ಆಗ್ದೋರ್ ಮಗ್ಗುಲ್ಗೆ ಕೂರ್ಸಾದಾ ಸಾ? ಮಾದಪ್ಪ ಬರಕಿಲ್ಲ ಅಂದ್ರೆ ನನ್ ಮಗ್ಳ ಅಸೆಮಣೆಗೆ ಕರ್ಕಂಡು ಬರೋರು ಯಾರು?"

ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಮಾದಪ್ಪನಂತೆ. ನನ್ನ ಜಾಣತನದಿಂದ ಅವಳು ಆ ಸೋದರಮಾವನಿಲ್ಲದೆ ಹಸೆ ಏರಬೇಕೇ? ನಿಜಕ್ಕೂ ನಾಚಿಕೆಯಾಯಿತು. ಒಬ್ಬೊಬ್ಬರಿಗೂ ಒಂದು ಸಾಲು ಕೊಟ್ಟು ಹೊಸ ಪತ್ರಿಕೆ ಅಚ್ಚು ಹಾಕಿ, ಶಿವಮಲ್ಲಪ್ಪನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಗರಕ್ಕೆ ಹೊರಟೆ.

ಮಾದಪ್ಪ ಹಳೆಯ ಪತ್ರಿಕೆಯನ್ನೇ ಕೈಯಲ್ಲಿ ಹಿಡಿದು ಜಗಲಿಯ ಮೇಲಿದ್ದರು. ಹೊಸದನ್ನು ಚಾಚಿದರೆ ಮುಟ್ಟಲಿಲ್ಲ.

"ನಮ್ಮಣ್ಣನ ಪಕ್ಕ ಆಕವ್ರೆ, ಆಕ್ಲಿ. ಒಡುಟ್ಟಿದೋನೇ ತಾನೆ" ಎಂದರು. ಶಿವಮಲ್ಲಪ್ಪನವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಮಾದಪ್ಪನ ಬೆರಳು ಪತ್ರಿಕೆಯ ತಳಕ್ಕೆ ಇಳಿಯಿತು. "ಎಣ್ಣಿನ ಸೋದರಮಾವಂಗೆ ಅರ್ಧ ಸಾಲು. ಇಲ್ಲಿ ದಪ್ಪ ಅಕ್ಸರದಲ್ಲಿ ಒಬ್ರೇ ಉದ್ದುಕ್ಕೂ ಮನಿಕಂಡವ್ರಲ್ಲ, ಭಾವ, ಈವಯ್ಯ ನಮ್ಗೆ ಏನಾಗ್ಬೇಕು?"

ಅದು ನನ್ನ ಹೆಸರು, ಅಂಗಡಿಯ ಸಮೇತ. ಸ್ಕ್ರಿಪ್ಟು ಎಲ್ಲಿ ಇಳಿಸಿಬಿಡುತ್ತದೋ ಎಂದು ಪ್ರತಿ ಪತ್ರಿಕೆಯಲ್ಲೂ ನಾನು ಕೈಯಾರೆ ಕೂರಿಸುತ್ತಿದ್ದ ಸಾಲು ಅದೊಂದೇ.

"ಇವ್ರೇ ಕಣಪ್ಪ" ಎಂದು ಶಿವಮಲ್ಲಪ್ಪನವರು ನನ್ನನ್ನು ತೋರಿಸಿಬಿಟ್ಟರು.

ಮಾದಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾನು ಬತ್ತೀನಿ ಭಾವ. ಇವ್ರೂ ಬರ್ಲಿ. ಊಟಕ್ಕೆ ಇವ್ರಿಗೇ ಅಂತ ಒಂದು ಸಾಲು ಪೂರಾ ಬುಟ್ಟಿರ್ತೀನಿ."

ಮದುವೆಗೆ ಹೋದೆ. ಹುಡುಗಿಯನ್ನು ಹಸೆಮಣೆಗೆ ಕರೆತಂದವರು ಮಾದಪ್ಪನೇ. ನನಗೂ ಕಣ್ಣು ತುಂಬಿತು. ಊಟದ ಹೊತ್ತಿಗೆ ಅವರು ಮಾತಿಗೆ ತಪ್ಪಲಿಲ್ಲ. ಉದ್ದನೆಯ ಸಾಲಿನ ನಟ್ಟನಡುವೆ ನನ್ನದೊಂದೇ ಎಲೆ. ಅಣ್ಣ ಪಾಯಸ ಬಡಿಸಿದರು, ತಮ್ಮ ತುಪ್ಪ; ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನನ್ನನ್ನು ನೋಡಿ ಮಾತ್ರ ಇಬ್ಬರೂ ನಕ್ಕರು. ಎದುರು ಸಾಲಿನಲ್ಲಿ ನಾನು ಒತ್ತೊತ್ತಾಗಿ ತುಂಬಿದ್ದ ಹೆಸರುಗಳೆಲ್ಲ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹರಟುತ್ತಾ ಉಣ್ಣುತ್ತಿದ್ದವು. ನನಗೆ ಉಪ್ಪು ಬೇಕಾಗಿತ್ತು. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.