ನೀಲಿ ಪೆನ್ಸಿಲಿನ ಪಾಲು

ಬ್ಯಾಂಕಿನಿಂದ ವರ್ಷಕ್ಕೊಮ್ಮೆ ಬರುವ ಗೃಹಸಾಲದ ಕಾಗದವನ್ನು ಓದುವುದು, ಮೂಲೆಯಲ್ಲಿ ದಿನಾಂಕ ಬರೆಯುವುದು, ಫೈಲಿಗೆ ಸೇರಿಸುವುದು, ನಿಟ್ಟುಸಿರು ಬಿಡುವುದು: ಈ ನಾಲ್ಕು ಕೆಲಸಗಳನ್ನು ನಕ್ಷೆಯವರು ಹನ್ನೊಂದು ವರ್ಷ ಇದೇ ಕ್ರಮದಲ್ಲಿ ಮಾಡಿಕೊಂಡು ಬಂದಿದ್ದರು. ಹನ್ನೆರಡನೆಯ ವರ್ಷ ಮಾತ್ರ ನಿಟ್ಟುಸಿರಿನ ಸರದಿ ಬರುವ ಮೊದಲೇ ಕುರ್ಚಿಯಿಂದ ಎದ್ದುಬಿಟ್ಟರು.

“ಏನೇ, ಇಲ್ಲಿ ಬಾ! ಬೇಗ ಬಾ!”

“ಬರಕ್ಕಾಗಲ್ಲ ರೀ! ನಾನು ಇದನ್ನ ಬಿಟ್ರೆ ಇದೇ ಬರತ್ತೆ ನಿಮ್ಮ ಹತ್ರ!”

‘ಇದು’ ಎಂದರೆ ಬಟ್ಟೆ ಒಗೆಯುವ ಯಂತ್ರ. ಹದಿನಾರು ವರ್ಷ ದುಡಿದ ಆ ಜೀವ ಈಚೆಗೆ ಬಟ್ಟೆ ಹಿಂಡುವ ಹೊತ್ತಿಗೆ ನಡುಗುತ್ತ, ಗುಡುಗುತ್ತ, ಜಾಗ ಬಿಟ್ಟು ನಡೆಯಲು ಆರಂಭಿಸುತ್ತಿತ್ತು. ಯಾರಾದರೂ ಎರಡೂ ಕೈಯಲ್ಲಿ ತಬ್ಬಿ ಹಿಡಿಯದಿದ್ದರೆ ಅಡುಗೆಮನೆ ದಾಟಿ ಹಾಲಿಗೆ ಬರುವಷ್ಟು ಉತ್ಸಾಹ ಅದಕ್ಕಿತ್ತು. ನಕ್ಷೆಯವರೇ ಕಾಗದ ಹಿಡಿದು ಅಲ್ಲಿಗೆ ಹೋದರು.

“ಸಾಲ ಎಷ್ಟು ಉಳಿದಿದೆ ಗೊತ್ತಾ? ಒಂಬತ್ತು ಲಕ್ಷ ಅರವತ್ತು ಸಾವಿರ!”

“ಅದಕ್ಕೆ ಇಷ್ಟೊಂದು ಖುಷೀನಾ?”

“ನಮ್ಮನೆ ಎಷ್ಟು ಚದರಡಿ, ಹೇಳು ನೋಡೋಣ.”

“ಗುಡಿಸೋವಾಗ ಎರಡು ಸಾವಿರ. ನೆಂಟರು ಬಂದಾಗ ಇನ್ನೂರು.”

“ಒಂಬೈನೂರ ಅರವತ್ತು ಕಣೇ! ಒಂದು ಸಾವಿರ ತೀರಿಸಿದ್ರೆ ಒಂದು ಚದರಡಿ ನಮ್ದು! ಲೆಕ್ಕ ಹೆಂಗೆ ಕೂತಿದೆ ನೋಡು!”

“ಲೆಕ್ಕ ಆಮೇಲೆ ಕೂರತ್ತೆ. ಮೊದ್ಲು ನೀವು ಇದರ ಮೇಲೆ ಕೂತ್ಕೊಳ್ಳಿ, ಕೈ ಸೋತೋಯ್ತು” ಎಂದಳು ಹೆಂಡತಿ. ಗೃಹಸಾಲ ವಿಮೋಚನೆಯ ಮಹಾಯೋಜನೆಯ ಮುಖ್ಯಾಂಶಗಳನ್ನು ನಕ್ಷೆಯವರು ಹೀಗೆ ಬಟ್ಟೆಯಂತ್ರದ ಮೇಲೆ ಕುಳಿತು, ಅದು ಕುಣಿಸಿದಂತೆ ಕುಣಿಯುತ್ತ, ನಡುಗುವ ದನಿಯಲ್ಲೇ ಪ್ರಕಟಿಸಬೇಕಾಯಿತು.

ಇವರು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಸವೆಸಿದವರು, ಬೀದಿಗೆಲ್ಲ ‘ನಕ್ಷೆಯವರು’. ಊರಿನ ಅರ್ಧ ಜನಕ್ಕೆ ಓದುವ ಕೋಣೆ, ಬಟ್ಟೆ ಕೋಣೆ, ಸುಮ್ಮನೆ ಕೂರುವ ಕೋಣೆಗಳನ್ನು ಗೆರೆಯಲ್ಲಿ ಎಬ್ಬಿಸಿ ಕೊಟ್ಟಿದ್ದರು. ತಮ್ಮ ಮನೆಯಲ್ಲಿ ಮಾತ್ರ ಅವರು ಗೆರೆ ಎಳೆಯುತ್ತಿದ್ದುದು ಊಟದ ಮೇಜಿನ ಮೇಲೆ. ದಿನಕ್ಕೆ ಮೂರು ಸಲ ತಟ್ಟೆಗಳು ಬಂದು ಅವರನ್ನು ಎಬ್ಬಿಸುತ್ತಿದ್ದವು. ಒಮ್ಮೆ ಅವರ ರಬ್ಬರ್ ಉಪ್ಪಿನ ಡಬ್ಬಿಯಲ್ಲಿ ಸಿಕ್ಕಿತ್ತು. (ಅದಕ್ಕೂ ಮೊದಲು ಉಪ್ಪು ಅವರ ನಕ್ಷೆಯಲ್ಲಿ ಸಿಕ್ಕಿತ್ತು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.) ಮನೆಯ ಸಣ್ಣ ಕೋಣೆಯಲ್ಲಿ ಪೂರ್ವಕ್ಕೊಂದು ಕಿಟಕಿಯಿತ್ತು. ಸಾಲ ತೀರಿದ ದಿನ ಆ ಕಿಟಕಿಯ ಕೆಳಗೆ ಸ್ವಂತ ಮೇಜು ಹಾಕಿಕೊಂಡು ಕೂರಬೇಕು, ಅದೂ ಐವತ್ತು ತುಂಬುವುದರೊಳಗೆ: ಇದು ಅವರ ಆಸೆ. ಈಗ ನಲವತ್ತೇಳು. ಬ್ಯಾಂಕಿನ ಲೆಕ್ಕದಲ್ಲಿ ಕಂತುಗಳು ಇನ್ನೂ ಎಂಟು ವರ್ಷ ಬಾಕಿ.

ಮಾರನೆಯ ಭಾನುವಾರ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆಯೊಂದು ಹರಡಿಕೊಂಡಿತು. ಅದರಲ್ಲಿ ಇಡೀ ಮನೆ ಒಂಬೈನೂರ ಅರವತ್ತು ಚೌಕಗಳಾಗಿ ಮೈಚಾಚಿ ಮಲಗಿತ್ತು. ಸಭೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಇವರ ಜೊತೆಯಲ್ಲೇ ಇರುವ ಎಪ್ಪತ್ತೊಂದರ ಅತ್ತೆ ಹಾಜರಿದ್ದರು. ನಕ್ಷೆಯವರು ನಿಯಮಾವಳಿ ಓದಿದರು. ಗಂಡ ಹೆಂಡತಿ ಇಬ್ಬರ ಸಂಬಳದಿಂದ ಹೋಗುವ ಮಾಮೂಲಿ ಕಂತು ಕರ್ತವ್ಯ. ಅದರಲ್ಲಿ ಅಸಲಿಗೆ ಸೇರಿದ ಮೊತ್ತಕ್ಕೆ ಬೂದು ಬಣ್ಣ. ಅದು ಸಮಸ್ತರ ಸ್ವತ್ತು, ಹಾಲ್‌ನ ಚೌಕಗಳಿಂದ ಆರಂಭ. ಅದರ ಮೇಲೆ ಯಾರು ಯಾವ ಖರ್ಚನ್ನು ತ್ಯಾಗ ಮಾಡಿ ಎಷ್ಟು ಕಟ್ಟುತ್ತಾರೋ, ಅಷ್ಟು ಚೌಕಗಳಿಗೆ ಅವರವರ ಬಣ್ಣ, ಅವರಿಗೆ ಬೇಕಾದ ಕಡೆ. ಹೆಂಡತಿಗೆ ಕೆಂಪು, ಮಗಳಿಗೆ ಹಳದಿ, ತಮಗೆ ನೀಲಿ.

“ಈ ಕಿಟಕಿ ಹತ್ರ ಚುಕ್ಕೆಗೆರೆ ಯಾಕಪ್ಪಾ?” ಎಂದಳು ಮಗಳು.

“ಅದು… ಪ್ರಸ್ತಾವಿತ ಅಂತ. ನಕ್ಷೇಲಿ ಚುಕ್ಕೆಗೆರೆ ಹಾಕಿದ್ರೆ ಸದ್ಯಕ್ಕೆ ಅಲ್ಲೇನೂ ಇಲ್ಲ, ಮುಂದೆ ಬರಬಹುದು ಅಂತ ಅರ್ಥ.”

“ಬರದೇನೂ ಇರಬಹುದು?”

“ಶಾಸ್ತ್ರದ ಪ್ರಕಾರ, ಹೌದು” ಎಂದರು ನಕ್ಷೆಯವರು. ವೃತ್ತಿಯ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

ಅಂದಿನಿಂದ ಮನೆಯ ನಾಣ್ಯಪದ್ಧತಿಯೇ ಬದಲಾಯಿತು. “ಅಪ್ಪಾ, ಚಪ್ಪಲಿ ಕಿತ್ತೋಗಿದೆ, ಒಂದಡಿ ಬೇಕು” ಎನ್ನುವಳು ಮಗಳು. “ನಿಮ್ಮ ತಂಗಿ ಮನೆಗೆ ಹೋಗ್ಬರಕ್ಕೆ ಮೂರಡಿ. ಆಯಮ್ಮ ಕಾಫಿ ಕೊಡ್ತಾಳೋ ಇಲ್ವೋ, ಯೋಚ್ನೆ ಮಾಡಿ” ಎನ್ನುವಳು ಹೆಂಡತಿ. ತರಕಾರಿಯವನು ನಾನೂರು ಎಂದಾಗ ಆಕೆ ಗಾಬರಿಯಿಂದ “ಹತ್ತಿರತ್ತಿರ ಅರ್ಧ ಅಡಿ ಆಯ್ತಲ್ಲಪ್ಪಾ!” ಎಂದುಬಿಟ್ಟಳು, ಆತ ತನ್ನ ಪಡವಲಕಾಯಿಯನ್ನು ಎತ್ತಿ ಹಿಡಿದು, “ಇಲ್ಲ ಅಕ್ಕ, ಎರಡಡಿ ಗ್ಯಾರಂಟಿ ಇದೆ” ಎಂದ.

ಹೆಂಡತಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಭಾನುವಾರಗಳಂದೂ ಅರ್ಧ ದಿನ ಕೆಲಸ ಒಪ್ಪಿಕೊಂಡಳು. ಹೊಸ ಬಟ್ಟೆಯಂತ್ರಕ್ಕೆಂದು ಕೂಡಿಟ್ಟಿದ್ದ ಮೂವತ್ತು ಸಾವಿರವನ್ನು ಒಂದೇ ಏಟಿಗೆ ಕಟ್ಟಿ, ಅಡುಗೆಮನೆಯ ಮೂವತ್ತು ಚೌಕಗಳಿಗೆ ಕೆಂಪು ಬಳಿದಳು. ಅಡುಗೆಮನೆ ಪೂರ್ತಿ ಕೆಂಪಾದ ದಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, “ಇನ್ಮೇಲೆ ಒಳಗೆ ಬರೋರು ಕೇಳ್ಕೊಂಡು ಬರ್ಬೇಕು, ಬಂದೋರು ಪಾತ್ರೆ ತೊಳ್ದು ಹೋಗ್ಬೇಕು” ಎಂದು ಘೋಷಿಸಿದಳು. ಮಗಳು ಎದುರುಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಾಲ್ಕನಿಗೆ ಹಳದಿ ಹಚ್ಚುತ್ತ ಬಂದಳು.

ನಕ್ಷೆಯವರ ತ್ಯಾಗಗಳು ಇವೆಲ್ಲಕ್ಕಿಂತ ಉಜ್ವಲವಾಗಿದ್ದವು. ಬಸ್ಸು ಬಿಟ್ಟು ಕಚೇರಿಗೆ ನಡೆದೇ ಹೋದರು. ತಿಂಗಳಿಗೆ ಎಂಟುನೂರು ಉಳಿಯಿತು. ನಾಲ್ಕನೆಯ ತಿಂಗಳು ಬೂಟಿನ ಅಟ್ಟೆ ನಡುರಸ್ತೆಯಲ್ಲಿ ಅವರನ್ನು ತೊರೆದು ಹೋಯಿತು. ಹೊಸ ಬೂಟು, ಮೂರಡಿ. ಕ್ಷೌರದ ಖರ್ಚು ಉಳಿಸಲು ಎರಡು ಕನ್ನಡಿಗಳ ನಡುವೆ ನಿಂತು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಂಡರು. (ಕೂದಲನ್ನು ಎಂದು ಓದಿಕೊಳ್ಳಬೇಕು.) ಮರುದಿನ ಕ್ಷೌರದಂಗಡಿಯವನು ಅವರ ತಲೆಯ ಸುತ್ತ ಒಂದು ಸುತ್ತು ಬಂದು, “ಯಾರು ಸಾರ್ ಮಾಡಿದ್ದು?” ಎಂದು ಕೇಳಿ, ಮಾಮೂಲಿ ದರಕ್ಕೆ ರಿಪೇರಿ ದರವನ್ನೂ ಸೇರಿಸಿದ. ಬಚ್ಚಲಿನ ನಲ್ಲಿ ಸೋರಿದಾಗ, ನಲ್ಲಿಯವನನ್ನು ಕರೆಯುವ ಖರ್ಚೇಕೆಂದು ಸ್ವತಃ ಸ್ಪ್ಯಾನರ್ ಹಿಡಿದರು. ಅರ್ಧ ಗಂಟೆಯಲ್ಲಿ ಕೆಳಮನೆಯ ಸಂಗೀತದ ಮೇಷ್ಟ್ರು ಮೇಲೆ ಬಂದರು. ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಕ್ಷೆಯವ್ರೇ, ನಮ್ಮ ಚಾವಣಿ ನಿಮ್ಮ ನಕ್ಷೇಲಿ ಇದ್ಯಾ?”

ನಲ್ಲಿಯವನೂ ಬಂದ, ಬಣ್ಣದವನೂ ಬಂದ. ಒಟ್ಟು ಏಳಡಿ.

ನಷ್ಟವನ್ನು ಬಚ್ಚಿಡುವುದು ಅವರ ಜಾಯಮಾನವಲ್ಲ. ಪ್ರತಿ ಅನಾಹುತದ ಸಂಜೆಯೂ ನಕ್ಷೆ ಬಿಡಿಸಿ, ಅಷ್ಟು ನೀಲಿ ಚೌಕಗಳನ್ನು ತಾವೇ ಅಳಿಸುತ್ತಿದ್ದರು. ಆ ಹಾಳೆಯಲ್ಲಿ ರಬ್ಬರ್ ಕಂಡ ಬಣ್ಣ ಅದೊಂದೇ. ಹಾಗೆಂದು ಅವರು ಎದೆಗುಂದಲಿಲ್ಲ. ಚುಕ್ಕೆಗೆರೆಯೊಳಗೆ ಅರೆಬರೆ ಬಣ್ಣ ಹಚ್ಚುವುದು ವೃತ್ತಿಗೆ ಅವಮಾನವೆಂದು, ಮುಂಬಾಗಿಲಿನಿಂದ ಆರಂಭಿಸಿ ಒಳಗೊಳಗೆ ದಂಡಯಾತ್ರೆ ನಡೆಸುವ ತಂತ್ರ ಹೂಡಿದ್ದರು. ನೀಲಿ ಸೇನೆ ಚಪ್ಪಲಿ ಗೂಡಿನವರೆಗೆ ಬಂದು, ಸದ್ಯಕ್ಕೆ ಬೀಡು ಬಿಟ್ಟಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯವರು ಕೈಯಲ್ಲೊಂದು ಲಕೋಟೆ ಹಿಡಿದು ಬಂದರು.

“ಅಳಿಯಂದ್ರೇ, ನಿಮ್ಮ ಪೆನ್ಸಿಲ್ ಡಬ್ಬೀಲಿ ನನಗೂ ಒಂದು ಬಣ್ಣ ಇದ್ಯಾ?”

“ಅಯ್ಯೋ, ನಿಮಗ್ಯಾಕತ್ತೆ ಈ ತಾಪತ್ರಯ? ನೀವು ಆರಾಮಾಗಿರಿ.”

“ಆರಾಮಾಗೇ ಇದೀನಿ. ಒಂದು ಠೇವಣಿ ಕೈಗೆ ಬಂತು. ಒಂದು ಲಕ್ಷದ ಇಪ್ಪತ್ತು ಸಾವಿರ. ಎಷ್ಟು ಚೌಕ ಆಗತ್ತೆ?”

ನಕ್ಷೆಯವರು ಪೆನ್ಸಿಲ್ ಡಬ್ಬಿ ತೆರೆದರು. “ನೂರಿಪ್ಪತ್ತು.”

“ನೇರಳೆ ಕೊಡಿ. ಈ ಕಿಟಕಿ ಕೋಣೆಯಿಂದ ಶುರು ಮಾಡ್ತೀನಿ.”

“ಅತ್ತೆ, ಅಲ್ಲಿ… ಅದು ಸ್ವಲ್ಪ…”

“ಅಲ್ಲೇನಿದೆ? ಚುಕ್ಕೆ ಚುಕ್ಕೆ ಕಾಣ್ತಿದೆ.”

“ಅಲ್ಲೇನೂ ಇಲ್ಲ ಅಜ್ಜಿ” ಎಂದಳು ಮಗಳು, ತಲೆಯೆತ್ತದೆ. “ಮುಂದೆ ಬರಬಹುದು, ಬರದೇನೂ ಇರಬಹುದು. ಶಾಸ್ತ್ರದಲ್ಲೇ ಇದೆ.”

ಅತ್ತೆಯವರು ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ಕನ್ನಡಕ ಸರಿಮಾಡಿಕೊಂಡು, ಗೆರೆ ದಾಟದಂತೆ ಒಂದೊಂದೇ ಚೌಕ ತುಂಬುತ್ತ, “ಮೂವತ್ತೆಂಟು ವರ್ಷ ಕಿಟಕಿ ಇಲ್ಲದ ರೂಮಲ್ಲಿ ಕೂತು ‘ಹಲೋ, ಹಲೋ’ ಅಂದಿದೀನಿ. ಹೊರಗೆ ಬಿಸಿಲಿದ್ಯಾ ಮಳೆ ಇದ್ಯಾ ಅಂತ, ಫೋನ್ ಮಾಡಿದೋರನ್ನ ಕೇಳಿ ತಿಳ್ಕೋತಿದ್ದೆ. ಇನ್ಮೇಲಾದ್ರೂ ನಾನೇ ನೋಡ್ತೀನಿ” ಎಂದರು.

ಮೊಂಡಾದ ನೇರಳೆ ಪೆನ್ಸಿಲನ್ನು ನಕ್ಷೆಯವರು ತಾವೇ ಕೆತ್ತಿ ಕೊಟ್ಟರು. ಸಾಲ ತೀರಿದ ಮೇಲೆ ಮನೆಯವರೇ ತಮಾಷೆ ಬಿಟ್ಟು ಆ ಮೂಲೆಯನ್ನು ತಮಗೆ ಒಪ್ಪಿಸುತ್ತಾರೆಂದು ಒಳಗೊಳಗೇ ಸಮಾಧಾನ ಹೇಳಿಕೊಂಡರು.

ಯೋಜನೆ ಹಿಡಿದ ಎರಡು ವರ್ಷ ಏಳು ತಿಂಗಳಿಗೆ, ಐವತ್ತು ತುಂಬಲು ಇನ್ನೂ ಹದಿನೇಳು ದಿನವಿರುವಾಗ, ಕೊನೆಯ ಚೌಕ ತುಂಬಿತು. ನಕ್ಷೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಬ್ಯಾಂಕಿಗೆ ಹೋದರು. ಸಾಲ ವಿಭಾಗದ ಮೇಡಂ ಮನೆಪತ್ರಗಳ ಕಡತವನ್ನು ಮುಂದಿಟ್ಟು, “ಅವಧಿಗಿಂತ ಐದು ವರ್ಷ ಮುಂಚೇನೇ ತೀರಿಸಿಬಿಟ್ರಿ! ಹೇಗೆ ಸಾಧ್ಯ ಆಯ್ತು ಸಾರ್?” ಎಂದು ಕೇಳಿದರು. ಈ ಪ್ರಶ್ನೆಗಾಗಿಯೇ ಅವರು ಸುರುಳಿ ತಂದಿದ್ದು.

“ತ್ಯಾಗ, ಮೇಡಂ. ಒಬ್ಬ ಗೃಹಸ್ಥ ಮನಸ್ಸು ಮಾಡಿದ್ರೆ…” ಎನ್ನುತ್ತ ನಕ್ಷೆಯನ್ನು ಬಿಡಿಸಿದರು. ಸರದಿಯಲ್ಲಿದ್ದ ನಾಲ್ಕೈದು ಜನರೂ ಬಗ್ಗಿ ನೋಡಿದರು.

“ಎಷ್ಟು ಚೆನ್ನಾಗಿದೆ! ಈ ಕೆಂಪು?”

“ಹೆಂಡತೀದು. ಇನ್ನೂರ ಹನ್ನೆರಡು.”

“ಹಳದಿ?”

“ಮಗಳು. ಅರವತ್ತೇಳು. ನೇರಳೆ ನಮ್ಮತ್ತೇದು, ಇನ್ನೂರ ಅರವತ್ತು. ಆಮೇಲೆ ಪಿಂಚಣೀಲೂ ಕಟ್ಟಿದ್ರು. ಬೂದು ನಾನೂರ ಹತ್ತು, ಎಲ್ಲರದೂ. ನೀಲಿ ನಂದು.”

“ನೀಲಿ ಎಲ್ಲಿದೆ ಸಾರ್?”

ನಕ್ಷೆಯವರು ಮುಂಬಾಗಿಲಿನ ಬಳಿ ಬೆರಳಿಟ್ಟು ತೋರಿಸಿದರು.

“ಬೆರಳು ಸ್ವಲ್ಪ ತೆಗೀರಿ ಸಾರ್, ಕಾಣ್ತಿಲ್ಲ” ಎಂದರು ಮೇಡಂ, ಬಹಳ ವಿನಯದಿಂದ.

ಹನ್ನೊಂದು ಚೌಕ. ತಿಂಗಳುಗಟ್ಟಲೆ ಒಂದೊಂದನ್ನೇ ನೋಡುತ್ತಿದ್ದವರಿಗೆ ಕಾಣದ್ದು, ಬ್ಯಾಂಕಿನ ಟ್ಯೂಬ್‌ಲೈಟಿನ ಕೆಳಗೆ ಒಟ್ಟಾಗಿ ನೋಡಿದಾಗ ಸ್ಪಷ್ಟವಾಯಿತು: ಒಬ್ಬ ಗೃಹಸ್ಥ ಮನಸ್ಸು ಮಾಡಿ ಗೆದ್ದುಕೊಂಡದ್ದು ಒಂದು ಚಪ್ಪಲಿ ಗೂಡು.

ಮನೆಗೆ ಬಂದಾಗ ಹಾಲಿನಲ್ಲಿ ಸಂಭ್ರಮ. ಕಡತವನ್ನು ಎಲ್ಲರೂ ಒಂದೊಂದು ಸಲ ಮುಟ್ಟಿ ನೋಡಿದರು. ಹೆಂಡತಿಯ ಕಣ್ಣು ತುಂಬಿತು. ಮರುಕ್ಷಣವೇ, ಕಂತಿಲ್ಲದ ಮೊದಲ ತಿಂಗಳಿನ ಹಣದಲ್ಲಿ ಹೊಸ ಬಟ್ಟೆಯಂತ್ರ ಬರುತ್ತದೆಂದು ತಿಳಿಸಿದಳು.

“ಹಳೇದನ್ನ ಕೊಳ್ಳೋರು ಸಿಗೋವರ್ಗೂ ಎಲ್ಲಿಡೋದಮ್ಮ?” ಎಂದಳು ಮಗಳು. ಮೂವರ ಕಣ್ಣೂ ಮುಂಬಾಗಿಲಿನ ಕಡೆ ತಿರುಗಿದವು.

“ಅದು ನಿಮ್ಮ ಜಾಗ. ನಿಮ್ಮ ಒಪ್ಪಿಗೆ ಇಲ್ದೆ ನಾವು ಇಡಲ್ಲಪ್ಪ” ಎಂದಳು ಹೆಂಡತಿ, ಮಹಾ ನ್ಯಾಯವಂತೆಯಂತೆ.

ನಕ್ಷೆಯವರು ಗಂಟಲು ಸರಿಮಾಡಿಕೊಂಡರು. “ಅಲ್ಲ ಕಣೇ, ಆ ಬೂದು ಬಣ್ಣದಲ್ಲಿ ನನ್ನ ಸಂಬಳಾನೂ ಇತ್ತಲ್ಲ…”

“ನನ್ನದೂ ಇತ್ತು. ಸಮಸ್ತರ ಸ್ವತ್ತು ಅಂದೋರು ಯಾರು? ಬೇಕಾದ್ರೆ ಓದಿ ತೋರಿಸ್ತೀನಿ, ಸಹಿ ನಿಮ್ದೇ ಇದೆ.”

ಉಳಿದದ್ದು ಒಂದೇ ದಾರಿ. ಮರುದಿನ ಬೆಳಿಗ್ಗೆ, ಕಿಟಕಿಯ ಬಳಿ ಬಿಸಿಲು ಕಾಯಿಸಿಕೊಳ್ಳುತ್ತ ಪದಬಂಧ ಬಿಡಿಸುತ್ತಿದ್ದ ಅತ್ತೆಯವರ ಮುಂದೆ, ಹಿಂದೊಮ್ಮೆ ಬ್ಯಾಂಕಿನ ಮ್ಯಾನೇಜರ ಮುಂದೆ ನಿಂತಂತೆಯೇ ನಿಂತರು.

“ಅತ್ತೆ, ಇಲ್ಲಿ ಒಂದು ಮೇಜು… ಚಿಕ್ಕದು… ಬೆಳಕಿಗೆ ಅಡ್ಡ ಬರಲ್ಲ.”

ಅತ್ತೆಯವರು ಕನ್ನಡಕದ ಮೇಲಿಂದ ಅಳಿಯನನ್ನು ಒಂದು ಗಳಿಗೆ ನೋಡಿದರು. “ನೀವು ಕೇಳ್ತೀರಿ ಅಂತ ಎಷ್ಟು ದಿನದಿಂದ ಕಾಯ್ತಿದೀನಿ. ಮೇಜು ಆಗ್ಲೇ ಬಂದಾಯ್ತು, ಮಂಚದ ಹಿಂದೆ ನೋಡಿ. ಮೂರೂ ಜನ ಸೇರಿ ತಂದಿದ್ದು, ನಿಮ್ಮ ಹುಟ್ಟಿದಹಬ್ಬಕ್ಕೆ ಅಂತ.”

ಮಂಚದ ಹಿಂದೆ, ಬೆಡ್‌ಶೀಟ್ ಹೊದ್ದುಕೊಂಡು, ಓರೆ ಹಲಗೆಯ ನಕ್ಷೆ ಮೇಜೊಂದು ಗೋಡೆಗೆ ಒರಗಿತ್ತು. ನಕ್ಷೆಯವರು ಹಲಗೆಯನ್ನು ಎರಡು ಸಲ ಸವರಿದರು.

“ಮೇಜು ಉಡುಗೊರೆ” ಎಂದರು ಅತ್ತೆಯವರು. “ಜಾಗ ಕಂತಿಗೆ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಲೋಟ ಚಹಾ, ಆಮೇಲೆ ಪತ್ರಿಕೆ ಪೂರ್ತಿ ಓದಿ ಹೇಳ್ಬೇಕು. ಜಾಹೀರಾತೂ ಸೇರಿ. ಇಪ್ಪತ್ತು ವರ್ಷ ಇಟ್ಕೊಳ್ಳೋಣ. ನಾನಂತೂ ಇರ್ತೀನಿ.”

ನಕ್ಷೆಯವರ ತಲೆಯಲ್ಲಿ, ಕಣ್ಣೊರೆಸಿಕೊಳ್ಳುವ ಮೊದಲೇ, ಲೆಕ್ಕವೊಂದು ತಾನಾಗಿ ಎದ್ದು ನಿಂತಿತು. ಬಾಗಿಲ ಹಿಂದೆ ಹೆಂಡತಿಯೂ ಮಗಳೂ ಬಾಯಿಗೆ ಸೆರಗು, ದುಪಟ್ಟ ಒತ್ತಿಕೊಂಡು ನಿಂತಿರುವುದನ್ನು ಅವರು ಗಮನಿಸಲಿಲ್ಲ.

“ಅತ್ತೆ, ಸಂಜೇನೂ ಒಂದ್ಸಲ ಚಹಾ ಕೊಟ್ಟು ಓದಿ ಹೇಳಿದ್ರೆ, ಹತ್ತೇ ವರ್ಷಕ್ಕೆ ತೀರಿಹೋಗತ್ತಲ್ವಾ?”

ಅತ್ತೆಯವರು ಪದಬಂಧದ ಕಡೆ ತಿರುಗಿದರು.

“ಅವಧಿಗೆ ಮುಂಚೆ ತೀರಿಸೋ ಪದ್ಧತಿ ನಮ್ಮಲ್ಲಿಲ್ಲ, ಅಳಿಯಂದ್ರೇ.”